ಮರಗೆಲಸ ಕಲಿಯೋಕೆ ನಾರ್ಮ್ ಅವರನ್ನು ನೋಡಲಾ, ರಾಯ್ ಅವರನ್ನು ನೋಡಲಾ?

ಮರಗೆಲಸದ ಹುಚ್ಚು ಹತ್ತಿದ ಗೆಳೆಯರು ನನ್ನನ್ನು ಕೇಳುವುದು ಹೆಚ್ಚಾಗಿ ಇದನ್ನೇ. ಅಮೆರಿಕದ ಹಳೇ ಟೀವಿ ಕಾರ್ಯಕ್ರಮ ನೋಡಿ ಕೆಲಸ ಕಲಿಯುವುದಾದರೆ ನಾರ್ಮ್ ಏಬ್ರಮ್ ಅವರಿಂದ ಶುರು ಮಾಡಬೇಕಾ, ರಾಯ್ ಅಂಡರ್‌ಹಿಲ್ ಅವರಿಂದಲಾ?

ಮೊದಲು ರಾಯ್. ಯಾಕೆ ಅಂತ ಹೇಳ್ತೀನಿ.

ಇಬ್ಬರೂ ಅಲ್ಲಿನ ಸಾರ್ವಜನಿಕ ಟೀವಿ ಪಿಬಿಎಸ್‌ನಲ್ಲಿ ಬಂದವರು. ಚೌಕಳಿ ಅಂಗಿಯ ನಾರ್ಮ್ 1989ರಿಂದ 2009ರವರೆಗೆ ‘ದಿ ನ್ಯೂ ಯಾಂಕೀ ವರ್ಕ್‌ಶಾಪ್’ ನಡೆಸಿದರು. ಮೇಜಿನಿಂದ ಬ್ಲೇಡು ಮೇಲೆದ್ದಿರುವ ಕರೆಂಟಿನ ಗರಗಸ ಅಂದರೆ ಟೇಬಲ್ ಸಾ, ಮರದಲ್ಲಿ ಕಾಲುವೆ, ಅಂಚು ಕೊರೆಯುವ ರೂಟರ್, ಗಾಳಿಯ ಒತ್ತಡದಲ್ಲಿ ಮೊಳೆ ಹೊಡೆಯುವ ಗನ್ನು, ಎಲ್ಲಕ್ಕೂ ಒಂದೊಂದು ಮಿಷನ್ನು. ಟೋಪಿ, ಸಸ್ಪೆಂಡರ್ ತೊಟ್ಟ ರಾಯ್ ‘ದಿ ವುಡ್‌ರೈಟ್ಸ್ ಶಾಪ್’ ಶುರು ಮಾಡಿದ್ದು ಅದಕ್ಕೂ ಹತ್ತು ವರ್ಷ ಮೊದಲು, 1979ರಲ್ಲಿ, ನಾರ್ತ್ ಕೆರೊಲಿನಾದಲ್ಲಿ. ಅವರ ಹತ್ತಿರ ಕರೆಂಟಿನ ಸಲಕರಣೆಯೇ ಇಲ್ಲ. ಕೊಡಲಿ, ಉಳಿ, ಕೀಸುಳಿ, ಕೈಗರಗಸ, ಕಾಲಲ್ಲಿ ತುಳಿದು ತಿರುಗಿಸುವ ಲೇತು, ಅಷ್ಟೇ.

ನಾರ್ಮ್ ಅವರ ಕೈಚಳಕ ದೊಡ್ಡದು. ಆದರೆ ಅವರು ಕ್ಯಾಮೆರಾ ಮುಂದೆ ಬರುವ ಮೊದಲೇ ಆ ಬೀರು, ಆ ಮೇಜನ್ನು ಒಂದು ಸಲ ಮಾಡಿ ಮುಗಿಸಿರುತ್ತಿದ್ದರು. ನಾವು ನೋಡುವುದು ಎರಡನೆಯದನ್ನು. ಆ ಕಾರ್ಯಕ್ರಮ ಹುಟ್ಟುಹಾಕಿದ ರಸೆಲ್ ಮೊರಾಶ್ 1963ರಲ್ಲಿ ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮವನ್ನು ಶುರುಮಾಡಿಸಿದವರು ಕೂಡ. ಮೊದಲೇ ಮಾಡಿಟ್ಟ ಅಡುಗೆಯನ್ನು ಓವನ್‌ನಿಂದ ತೆಗೆದು ತೋರಿಸುವ ಕ್ರಮ ಗೊತ್ತಲ್ವಾ, ಅದೇ ಇಲ್ಲಿಯೂ ಇದೆ. ಎಲ್ಲ ನುಣ್ಣಗೆ ನಡೆದುಹೋಗುತ್ತದೆ. ಹೊಸಬರಿಗೆ ‘ಆ ಮಿಷನ್ ನನ್ನ ಹತ್ತಿರ ಇದ್ದಿದ್ದರೆ ನನಗೂ ಬರ್ತಿತ್ತು’ ಅನ್ನಿಸಿಬಿಡುತ್ತದೆ. ಸಾಮಾನು ಕೊಳ್ಳುವುದರಲ್ಲೇ ದುಡ್ಡು ಮುಗಿಯುತ್ತದೆ.

ರಾಯ್ ಕಂತುಗಳನ್ನು ಹೆಚ್ಚಾಗಿ ಒಂದೇ ಓಟದಲ್ಲಿ ಚಿತ್ರಿಸುತ್ತಿದ್ದರು. ಏದುಸಿರು ಬಿಡುತ್ತಾರೆ, ಬೆವರುತ್ತಾರೆ, ಒಮ್ಮೊಮ್ಮೆ ಬೆರಳು ಕುಯ್ದುಕೊಂಡು ರಕ್ತದಲ್ಲೇ ಕೆಲಸ ಮುಂದುವರಿಸುತ್ತಾರೆ. ಮರ ಮಾತು ಕೇಳದಿದ್ದರೆ ಅದೂ ಕಾಣುತ್ತದೆ. ಕಲಿಯುವವರಿಗೆ ಬೇಕಾದದ್ದು ಇದೇ.

ಅವರು ಹಸಿ ಮರದಿಂದ ಕುರ್ಚಿ ಮಾಡುವುದನ್ನು ಗಮನವಿಟ್ಟು ನೋಡಿ. ದಿಮ್ಮಿಯನ್ನು ಗರಗಸದಿಂದ ಕುಯ್ಯುವುದಿಲ್ಲ. ಬೆಣೆ ಹೊಡೆದು ಸೀಳುತ್ತಾರೆ. ಸೀಳಿದರೆ ಮರ ತನ್ನ ನಾರಿನ ದಾರಿಯಲ್ಲೇ ಬಿಚ್ಚಿಕೊಳ್ಳುತ್ತದೆ, ನಾರು ಈ ತುದಿಯಿಂದ ಆ ತುದಿಯವರೆಗೆ ತುಂಡಾಗದೆ ಉಳಿಯುತ್ತದೆ. ಹಾಗಾಗಿ ಬೆರಳು ದಪ್ಪದ ಕೋಲು ಕೂಡ ಮೈಭಾರ ತಡೆಯುತ್ತದೆ. ಗರಗಸಕ್ಕೆ ನಾರಿನ ಗೊಡವೆ ಇಲ್ಲ, ಅದು ನೇರ ಗೆರೆಯನ್ನಷ್ಟೇ ಹಿಡಿದು ಹೋಗುತ್ತದೆ. ನಾರು ಅಡ್ಡ ಕತ್ತರಿಸಿಹೋದ ಜಾಗದಲ್ಲಿ ಕೋಲು ಮುರಿಯುತ್ತದೆ.

ಇನ್ನು ಜೋಡಣೆ. ಅಡ್ಡಕೋಲುಗಳನ್ನು ಚೆನ್ನಾಗಿ ಒಣಗಿಸುತ್ತಾರೆ. ಕಾಲುಗಳಲ್ಲಿ ಸ್ವಲ್ಪ ಹಸಿ ಉಳಿಸಿಕೊಂಡು ತೂತು ಕೊರೆದು, ಒಣಗಿದ ತುದಿಯನ್ನು ಬಿಗಿಯಾಗಿ ಹೊಡೆದು ಕೂರಿಸುತ್ತಾರೆ. ದಿನ ಕಳೆದಂತೆ ಕಾಲು ಒಣಗಿ ಕುಗ್ಗುತ್ತದೆ. ಒಳಗಿನ ಕೋಲು ಅದರ ತೇವ ಹೀರಿ ಕೊಂಚ ಉಬ್ಬುತ್ತದೆ. ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಮೊಳೆ ಬೇಡ. ಮರ ಅಗಲದಲ್ಲಿ ಹಿಗ್ಗಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಮ್ಮಿ ಇಲ್ಲವೇ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದೂ ಇದರಿಂದಲೇ. ಇದೊಂದು ತಲೆಗೆ ಹೋದರೆ ಮೇಜಿನ ಹಲಗೆ ಯಾಕೆ ಸೀಳುಬಿಡುತ್ತದೆ, ಡ್ರಾಯರ್ ಯಾಕೆ ಬಿಗಿಯಾಗುತ್ತದೆ ಅಂತ ನೀವೇ ಹೇಳಬಲ್ಲಿರಿ. ಮಿಷನ್ ಕೊಳ್ಳುವ ಮುಂಚೆ ಇದು ಗೊತ್ತಿರಬೇಕು.

ಜೊತೆಗೆ ಫ್ಲ್ಯಾಟಿನಲ್ಲಿ ಇರುವವರಿಗೆ ಉಳಿ, ಕೀಸುಳಿಯೇ ವಾಸಿ. ಟೇಬಲ್ ಸಾ ಸದ್ದು ಯಾವ ನೆರೆಯವರೂ ಸಹಿಸಲ್ಲ.

ಹಾಗಾದರೆ ನಾರ್ಮ್ ಯಾವಾಗ? ದೊಡ್ಡ ಸಾಮಾನು ಮಾಡಲು ಹೊರಟಾಗ. ಯಾವ ಭಾಗ ಮೊದಲು, ಯಾವುದು ಆಮೇಲೆ ಅನ್ನುವ ಕ್ರಮವನ್ನು ಅವರಷ್ಟು ಚೆನ್ನಾಗಿ ಹೇಳಿಕೊಟ್ಟವರು ಕಡಿಮೆ. ಪ್ರತಿ ಕಂತಿನ ಶುರುವಿನಲ್ಲಿ ಸುರಕ್ಷತೆಯ ಮಾತು ಹೇಳಿ ಕಣ್ಣಿನ ಕನ್ನಡಕ ತೋರಿಸುತ್ತಿದ್ದರಲ್ಲ, ಅದನ್ನು ಸುಮ್ನೆ ಓಡಿಸಿಬಿಡಬೇಡಿ. ಟೇಬಲ್ ಸಾ ಮೇಲೆ ಕುಯ್ದ ಹಲಗೆ ಬ್ಲೇಡಿನ ಹಿಂಬದಿಯ ಹಲ್ಲಿಗೆ ಸಿಕ್ಕಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನಿಮ್ಮ ಮೇಲೇ ಹಾರಿಬರುತ್ತದೆ. ಬ್ಲೇಡಿನ ಹಿಂದೆ, ಕುಯ್ದ ಸಂದಿ ಮುಚ್ಚಿಕೊಳ್ಳದಂತೆ ತಡೆಯುವ ಒಂದು ತೆಳು ತಗಡು ಇರುತ್ತದೆ. ಕೆಲವರು ಅಡ್ಡ ಬರುತ್ತದೆಂದು ಅದನ್ನು ಕಿತ್ತಿಡುತ್ತಾರೆ. ದಯವಿಟ್ಟು ಕೀಳಬೇಡಿ. ಮಿಷನ್ ಕೊಳ್ಳುವಾಗ ಅದು ಇದೆಯಾ ಅಂತ ಅಂಗಡಿಯಲ್ಲೇ ನೋಡಿಕೊಳ್ಳಿ.