ಬಾಸ್ಕೆಟ್ ಹಾಕಿದವನ ಲೆಕ್ಕದಲ್ಲಿ ಸೊನ್ನೆ

ತನ್ನ ಮಗ ಬೇಕಂತಲೇ ತಪ್ಪು ಮಾಡಿದ ಅಂತ ಸಾಧಿಸೋಕೆ ಒಬ್ಬ ಅಪ್ಪ ಗಂಟಲು ಹರಿದುಕೊಂಡಿದ್ದನ್ನು ನಾನು ಮೊದಲ ಸಲ ನೋಡಿದ್ದು ಕಳೆದ ಮೇ ತಿಂಗಳಲ್ಲಿ. ಜಾಗ ನಮ್ಮ ತುಮಕೂರೇ, ಎಸ್.ಎಸ್. ಪುರಂ ಕಡೆಯ ಒಂದು ಸ್ಕೂಲಿನ ಬಾಸ್ಕೆಟ್‌ಬಾಲ್ ಕೋರ್ಟು. ಬೇಸಿಗೆ ಶಿಬಿರದ ಕೊನೆಯ ಭಾನುವಾರ, 14 ವರ್ಷದೊಳಗಿನ ಹುಡುಗರ ಮ್ಯಾಚು. ಹಳದಿ ಟೀಮು, ನೀಲಿ ಟೀಮು. ಬಹುಮಾನ ಅಂತ ಒಂದು ಕಪ್ಪು, ಅದರ ಹಿಡಿ ಆಗಲೇ ಅಲ್ಲಾಡುತ್ತಿತ್ತು.

ನಾನು ಅಲ್ಲಿ ಸ್ಕೋರ್ ಶೀಟ್ ಬರೆಯುತ್ತಿದ್ದೆ. ಕಾಲೇಜಿನಲ್ಲಿ ಎರಡು ವರ್ಷ ಆಡಿದ್ದು ಬಿಟ್ಟರೆ ಆಟದ ಜೊತೆ ನನಗೆ ದೊಡ್ಡ ಸಂಬಂಧ ಏನಿಲ್ಲ. ಒಂದು ಪತ್ತಿನ ಸೊಸೈಟಿಯಲ್ಲಿ ಲೆಕ್ಕ ಬರೆಯುವ ಕೆಲಸ. ಶಿಬಿರದ ಕೋಚ್ ಒಮ್ಮೆ ನನ್ನ ಲೆಡ್ಜರ್ ನೋಡಿ, "ಅಕ್ಕ, ಇಷ್ಟು ನೀಟಾಗಿ ಬರೆಯೋರು ನಮಗೆ ಬೇಕು" ಅಂದುಬಿಟ್ಟ. ಅಲ್ಲಿಂದ ಭಾನುವಾರಗಳು ಹೋದವು.

ಟೇಬಲ್ ಅಂದ್ರೆ ಕ್ಲಾಸಿನಿಂದ ಹೊತ್ತು ತಂದ ಬೆಂಚು. ಬಜರ್ ಬದಲು ಒಂದು ಸ್ಟೀಲ್ ತಟ್ಟೆ ಮತ್ತು ಸೌಟು. ಜಂಪ್ ಬಾಲ್, ಅಂದ್ರೆ ಇಬ್ಬರೂ ಒಟ್ಟಿಗೆ ಬಾಲ್ ಹಿಡಿದು ಯಾರದ್ದು ಅಂತ ತೀರ್ಮಾನ ಆಗದಂಥ ಸಂದರ್ಭ ಬಂದಾಗ ಮುಂದಿನ ಸಲ ಬಾಲ್ ಯಾರಿಗೆ ಅಂತ ತೋರಿಸುವ ಬಾಣ ಸ್ವೀಟ್ ಬಾಕ್ಸಿನ ರಟ್ಟು. ಆದರೆ ಶೀಟು ಮಾತ್ರ ಅಸಲಿ. ಮೊದಲನೇ ಮತ್ತು ಮೂರನೇ ಕ್ವಾರ್ಟರ್‌ಗೆ ಕೆಂಪು ಪೆನ್ನು, ಎರಡು ಮತ್ತು ನಾಲ್ಕಕ್ಕೆ ನೀಲಿ. ಬಾಸ್ಕೆಟ್ ಬಿದ್ದರೆ ಆ ಟೀಮಿನ ಹೊಸ ಒಟ್ಟು ಸ್ಕೋರಿನ ಅಂಕಿಯ ಮೇಲೆ ಓರೆ ಗೆರೆ, ಫೌಲಿಗೆ ಸಿಗುವ ಫ್ರೀ ಥ್ರೋ ಬಿದ್ದರೆ ದಪ್ಪ ಚುಕ್ಕಿ, ಪಕ್ಕದಲ್ಲಿ ಹಾಕಿದವರ ನಂಬರ್. ಮೂರು ಪಾಯಿಂಟ್ ಆದರೆ ಆ ನಂಬರಿಗೆ ಸುತ್ತು. ಕ್ವಾರ್ಟರ್ ಮುಗಿದ ಕೂಡಲೇ ದಪ್ಪ ಗೆರೆ ಎಳೆದು ಲೆಕ್ಕ ಮುಚ್ಚಬೇಕು. ನನಗಂತೂ ಇದು ಆಟಕ್ಕಿಂತ ಇಷ್ಟ.

ಅವತ್ತು ರೆಫ್ರಿಗಳು ಇಬ್ಬರು. ಒಬ್ಬರು ರಿಟೈರ್ ಆದ ಪಿ.ಟಿ. ಮೇಷ್ಟ್ರು, ಅವರೇ ಸೀನಿಯರ್. ಇನ್ನೊಬ್ಬ ಡಿಗ್ರಿ ಓದುವ ಹುಡುಗ. ಜಗಳ ಶುರುವಾಗಿದ್ದು ಇವರಿಬ್ಬರಿಂದಲೇ. ಒಂದೇ ಥರ ಹೆಜ್ಜೆ ಹಾಕಿ ಲೇ-ಅಪ್ (ಓಡಿ ಬಂದು ರಿಂಗಿನ ಹತ್ತಿರ ಹಾರಿ ಬಾಲ್ ಹಾಕೋದು) ಹೊಡೆದರೆ ಮೇಷ್ಟ್ರು ನಿಂತ ಕಡೆ ಟ್ರಾವೆಲ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಹಾಕಿದ ತಪ್ಪು), ಹುಡುಗ ನಿಂತ ಕಡೆ ಪಾಯಿಂಟ್! ಮೂರು ಸಲ ಹೀಗಾದ ಮೇಲೆ ಪೋಷಕರು ಸುಮ್ಮನಿರ್ತಾರಾ? "ಏನ್ ಸಾರ್, ಆ ರಿಂಗಿಗೊಂದು ರೂಲು, ಈ ರಿಂಗಿಗೊಂದು ರೂಲಾ?"

ನಿಜ ಹೇಳಬೇಕಂದ್ರೆ ಇಬ್ಬರೂ ತಾವು ಕಲಿತ ಪುಸ್ತಕದ ಪ್ರಕಾರವೇ ಊದುತ್ತಿದ್ದರು. 2017ರಲ್ಲಿ ಬಾಸ್ಕೆಟ್‌ಬಾಲ್‌ನ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ ಈ ನಿಯಮ ಬದಲಿಸಿತು. ಓಡುತ್ತಾ ಬಾಲ್ ಹಿಡಿಯುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ, ಅದಾದ ಮೇಲೆ ಎರಡು ಹೆಜ್ಜೆ. ನೋಡುವವರಿಗೆ ಮೂರು ಕಾಣುತ್ತೆ. ಮೇಷ್ಟ್ರ ಕಣ್ಣು ಅದಕ್ಕೂ ಮೂವತ್ತು ವರ್ಷ ಮುಂಚೆ ಪಳಗಿದ ಕಣ್ಣು. ಅವರನ್ನು ಬೈದು ಏನು ಮಾಡೋದು? ಈ ಆಟ ಕಂಡುಹಿಡಿದ ಜೇಮ್ಸ್ ನೈಸ್ಮಿತ್ 1891ರಲ್ಲಿ ಬರೆದ 13 ನಿಯಮಗಳಲ್ಲಿ ಮೂರನೆಯದೇ ಬಾಲ್ ಹಿಡಿದು ಓಡಬಾರದು ಅನ್ನೋದು. ಅದರ ಬಾಲಕ್ಕೇ ಇನ್ನೊಂದು ಮಾತು ಸೇರಿಸಿದ್ದಾನೆ: ಜೋರಾಗಿ ಓಡುತ್ತಾ ಬಾಲ್ ಹಿಡಿದವನು ನಿಲ್ಲೋಕೆ ನೋಡುತ್ತಿದ್ದರೆ ಸ್ವಲ್ಪ ರಿಯಾಯಿತಿ ಕೊಡಿ ಅಂತ. ಸ್ವಲ್ಪ ಅಂದ್ರೆ ಎಷ್ಟು? ಅಲ್ಲೇ ಬಿಟ್ಟಿದ್ದಾನೆ ಪುಣ್ಯಾತ್ಮ.

ಹಾಫ್ ಟೈಮ್‌ನಲ್ಲಿ ಇಬ್ಬರೂ ಮರದ ಕೆಳಗೆ ನಿಂತು ಮಾತಾಡಿಕೊಂಡರು. ಆಮೇಲೆ ಮೇಷ್ಟ್ರು ಟ್ರಾವೆಲ್ ಊದೋದನ್ನೇ ಬಿಟ್ಟರು. ಅದೂ ತಪ್ಪೇ ಅನ್ನಿ.

ಅಸಲಿ ಕಥೆ ಮೂರನೇ ಕ್ವಾರ್ಟರ್‌ನದು. ಹಾಫ್ ಟೈಮ್ ಆದ ಮೇಲೆ ಎರಡೂ ಟೀಮು ರಿಂಗ್ ಬದಲಿಸಿಕೊಳ್ಳಬೇಕು. ಹಳದಿಯ 9ನೇ ನಂಬರ್ ಹುಡುಗ, ಸಣ್ಣ ಆಸಾಮಿ, ಕೋಚ್ ಅದನ್ನು ಹೇಳುವಾಗ ನಲ್ಲಿ ಹತ್ತಿರ ತಲೆಗೆ ನೀರು ಹಾಕಿಕೊಳ್ಳುತ್ತಿದ್ದ. ವಿಷಲ್ ಕೇಳಿ ಓಡಿ ಬಂದ. ಬಾಣ ಹಳದಿ ಕಡೆ ಇತ್ತು, ಪಕ್ಕದಿಂದ ಬಾಲ್ ಒಳಗೆ ಬಂತು, ಸೀದಾ ಇವನ ಕೈಗೆ. ಮುಂದೆ ಒಬ್ಬರೂ ಇಲ್ಲ. ಯಾಕಿರ್ತಾರೆ? ಅದು ಇವರದೇ ರಿಂಗು, ಇವರು ಕಾಯಬೇಕಾದದ್ದು. ಬಲ, ಎಡ, ಮೇಲಕ್ಕೆ. ಬಾಲ್ ಬೋರ್ಡಿಗೆ ಮೆತ್ತಗೆ ತಾಗಿ ಹರಿದ ನೆಟ್ಟಿನೊಳಗೆ ಇಳಿಯಿತು. ಅವತ್ತಿನ ಮ್ಯಾಚಿನಲ್ಲಿ ಅಷ್ಟು ಚಂದದ ಲೇ-ಅಪ್ ಇನ್ನೊಂದಿಲ್ಲ. ಅವನಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದರು. ಒಬ್ಬರೇ.

ಮೇಷ್ಟ್ರು ಟೇಬಲ್ ಕಡೆ ಎರಡು ಬೆರಳು ತೋರಿಸಿದರು. ಈ ನಿಯಮ ನನಗೆ ಬಾಯಿಪಾಠ. ಮರೆತು ಸ್ವಂತ ರಿಂಗಿಗೆ ಹಾಕಿದರೆ ಎದುರಾಳಿಗೆ 2 ಪಾಯಿಂಟ್, ಬರೆಯೋದು ಅವರ ಕ್ಯಾಪ್ಟನ್ ನಂಬರಿಗೆ. ನೀಲಿಯ ಕಾಲಮ್ಮಿನಲ್ಲಿ 22ರ ಮೇಲೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ 4 ಅಂತ ಬರೆದೆ.

ಮ್ಯಾಚ್ ಮುಗಿದಾಗ ನೀಲಿ 41, ಹಳದಿ 40.

ಮೇಷ್ಟ್ರು ಸಹಿ ಹಾಕೋಕೆ ಪೆನ್ನು ತೆಗೆದಿದ್ದರು, ಅಷ್ಟರಲ್ಲಿ ಹುಡುಗನ ಅಪ್ಪ ಬಂದರು. ಮೊದಲು ನ್ಯಾಯವಾಗಿಯೇ ಕೇಳಿದರು. "ಅಲ್ಲ ಮೇಡಂ, ನಮ್ಮ ಹುಡುಗ ಹಾಕಿದ್ದು ನಮಗೆ ಬೇಡ ಬಿಡಿ. ಅವರಿಗೆ ಯಾಕೆ?" ನಾನು ನಿಯಮ ಹೇಳಿದೆ. ಅವರ ಜೊತೆಗಿದ್ದವರು ಮೊಬೈಲ್‌ನಲ್ಲಿ ಪುಸ್ತಕವನ್ನೇ ತೆಗೆದರು. ಅಲ್ಲಿ ಕೆಳಗೇ ಇನ್ನೊಂದು ಸಾಲಿತ್ತು: ಬೇಕಂತಲೇ ಸ್ವಂತ ರಿಂಗಿಗೆ ಹಾಕಿದರೆ ಅದು ವಯಲೇಷನ್, ಅಂದ್ರೆ ನಿಯಮ ಉಲ್ಲಂಘನೆ, ಪಾಯಿಂಟ್ ಲೆಕ್ಕಕ್ಕಿಲ್ಲ. ಅಪ್ಪನ ಮುಖ ಅರಳಿತು.

"ಹಂಗಾದ್ರೆ ಬೇಕಂತಲೇ ಹಾಕಿದ್ದು ಅವನು!"

"ಏನ್ರೀ ಮಾತಾಡ್ತಿದ್ದೀರಾ?" ಅಂತ ಹಿಂದಿನಿಂದ ಅಮ್ಮ. "ನನ್ನ ಮಗ ಬೇಕಂತ ಯಾಕೆ ಹಾಕ್ತಾನೆ?"

"ನೀನು ಸುಮ್ನಿರು, ಮ್ಯಾಚ್ ಗೆಲ್ತೀವಿ."

ಡಿಗ್ರಿ ಹುಡುಗ ನಗು ತಡೆಯೋಕಾಗದೆ ಆ ಕಡೆ ತಿರುಗಿದ. ಮೇಷ್ಟ್ರು ಮಾತ್ರ ನಗಲಿಲ್ಲ. 9ನೇ ನಂಬರನ್ನು ಹತ್ತಿರ ಕರೆದು, "ನಿಜ ಹೇಳಪ್ಪಾ, ಬೇಕಂತ ಹಾಕಿದ್ಯಾ?" ಅಂದರು. ಹುಡುಗ ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ. "ಇಲ್ಲ ಸಾರ್. ಮರ್ತೋಗಿತ್ತು."

ಮುಗೀತು ಅಂದುಕೊಂಡೆ. ಅಪ್ಪ ಶೀಟು ತಿರುಗಿಸಿ ಬೆರಳಿಟ್ಟರು. "ಇದೇನು, 4ನೇ ನಂಬರ್ ಹಾಕಿದ ಅಂತ ಬರ್ದಿದ್ದೀರಾ? ಅವನು ಆವಾಗ ಬೆಂಚಲ್ಲಿ ಕೂತು ಕಿತ್ತಳೆ ತಿಂತಿದ್ದ! ಸುಳ್ಳು ಲೆಕ್ಕ ಇದು."

ನನ್ನ ಎದೆ ಧಸಕ್ಕೆಂದಿತು. ಅವರು ಹೇಳಿದ್ದು ಸರಿ. ಪುಸ್ತಕದಲ್ಲಿರೋದು ಕೋರ್ಟಿನೊಳಗಿರುವ ಕ್ಯಾಪ್ಟನ್ ಅಂತ. 4ನೇ ನಂಬರ್ ಹೊರಗೆ ಕೂತಿದ್ದ, ಅವನ ಬದಲು 11 ಕ್ಯಾಪ್ಟನ್ ಅಂತ ನೀಲಿ ಕೋಚ್ ಹೇಳಿಯೂ ಇದ್ದ. ನಾನೇ ಗಮನಿಸಿರಲಿಲ್ಲ. ಇಪ್ಪತ್ತು ವರ್ಷದ ಲೆಡ್ಜರ್ ಕೈ, ಆಡಿಟ್ನೋರಿಗೂ ಸಿಕ್ಕಿಬೀಳದ ಕೈ, ಕಿತ್ತಳೆ ಹಣ್ಣಿಗೆ ಸಿಕ್ಕಿಬಿತ್ತು.

ಸೀನಿಯರ್ ರೆಫ್ರಿ ಸಹಿ ಹಾಕುವ ತನಕ ಬರವಣಿಗೆಯ ತಪ್ಪನ್ನು ತಿದ್ದಬಹುದು. ಮೇಷ್ಟ್ರು 4 ಹೊಡೆದುಹಾಕಿಸಿ 11 ಬರೆಸಿದರು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು. "ನಂಬರ್ ತಪ್ಪು, ಪಾಯಿಂಟ್ ಸರಿ" ಅಂದರು. 41–40 ಹಾಗೇ ಉಳೀತು.

"ತಕರಾರು ಕೊಡ್ತೀನಿ" ಅಂದರು ಅಪ್ಪ.

ಕೊಡೋಕೆ ದಾರಿ ಇದೆ. ಆದರೆ ಅದು ಅಪ್ಪಂದಿರ ಕೈಯಲ್ಲಿಲ್ಲ. ಮ್ಯಾಚ್ ಮುಗಿದ 15 ನಿಮಿಷದೊಳಗೆ ಟೀಮಿನ ಕ್ಯಾಪ್ಟನ್ನೇ ಬಂದು ಸೀನಿಯರ್ ರೆಫ್ರಿಗೆ ಹೇಳಿ, ಶೀಟಿನಲ್ಲಿ ಅದಕ್ಕಂತಲೇ ಇರುವ ಜಾಗದಲ್ಲಿ ಸಹಿ ಹಾಕಬೇಕು. ಅಂದರೆ ಎಂಟನೇ ಕ್ಲಾಸಿನ ಹುಡುಗ. ಅವನನ್ನು ಹುಡುಕಿಸಿದರು. ಗೇಟಿನಾಚೆ ಕಬ್ಬಿನ ಹಾಲಿನ ಗಾಡಿ ಹತ್ತಿರ ನೀಲಿ ಟೀಮಿನ ಕ್ಯಾಪ್ಟನ್ ಜೊತೆ ಒಂದೇ ಲೋಟದಲ್ಲಿ ಕುಡಿಯುತ್ತಿದ್ದ. "ಸಹಿ ಹಾಕ್ತೀಯೇನೋ?" ಅಂದರೆ "ಯಾವುದಕ್ಕೆ?" ಅಂತ ಕೇಳಿದ. 15 ನಿಮಿಷ ಅಲ್ಲೇ ಕಳೀತು.

ಎಲ್ಲರೂ ಹೋದ ಮೇಲೆ ಪೆನ್ನುಗಳನ್ನು ಪೌಚಿಗೆ ಹಾಕುತ್ತಿದ್ದೆ. 9ನೇ ನಂಬರ್ ಬಂದು ಬೆಂಚಿಗೆ ಮೊಣಕೈ ಊರಿದ.

"ಆಂಟಿ, ನಂದು ಎಷ್ಟು?"

ಅವನ ಹೆಸರಿನ ಮುಂದೆ ಎರಡು ಫೌಲ್ ಇತ್ತು, ಅಷ್ಟೇ. ಪಾಯಿಂಟ್ ಪಟ್ಟಿಯಲ್ಲಿ 9 ಅನ್ನೋ ನಂಬರ್ ಎಲ್ಲೂ ಇಲ್ಲ.

"ಆ ಲೇ-ಅಪ್ಪು?"

"ಅದು ನೀಲಿಯವರ 11ಕ್ಕೆ ಹೋಯ್ತು ಕಣೋ."

"ಅವನು ಬಾಲ್ ಮುಟ್ಟೇ ಇಲ್ಲ ಆಂಟಿ!"

ಸ್ವಲ್ಪ ಹೊತ್ತು ಶೀಟನ್ನೇ ನೋಡಿದ. ಆಮೇಲೆ ಓಡಿಹೋಗಿ, ಸ್ಕೂಟರ್ ಸ್ಟಾರ್ಟ್ ಮಾಡುತ್ತಿದ್ದ ಅಪ್ಪನ ಹತ್ತಿರ ಫೋನ್ ಇಸ್ಕೊಂಡು ಬಂದ. 22ರ ಮೇಲಿನ ಕೆಂಪು ಗೆರೆ ಮಾತ್ರ ಕಾಣುವ ಹಾಗೆ, ಪಕ್ಕದ 11ನ್ನು ಹೆಬ್ಬೆರಳಿನಿಂದ ಮುಚ್ಚಿ, ಒಂದು ಫೋಟೊ ತೆಗೆದುಕೊಂಡ.