ಕಚೇರಿಯ ಸಂವಾದ ಸಾಧನಗಳ ಫಲವನ್ನು ಅಳೆಯುವುದು ಎಲ್ಲಿ?

ಪುಣೆಯ ಹಿಂಜವಡಿಯಲ್ಲಿ ದುಡಿಯುವ ನಮ್ಮ ಕನ್ನಡಿಗರ ಬಳಗದಲ್ಲಿ ತಂತ್ರಜ್ಞಾನ ವಿಭಾಗದ ಹೊಣೆ ಹೊತ್ತವರು ಹಲವರಿದ್ದಾರೆ. ಸಹೋದ್ಯೋಗಿಗಳು ಪರಸ್ಪರ ಸಂದೇಶ ಕಳಿಸಿಕೊಳ್ಳುವ ಸ್ಲ್ಯಾಕ್, ಟೀಮ್ಸ್‌ನಂತಹ ಸಾಧನಗಳಿಗೆ ವ್ಯಯಿಸಿದ ಹಣದಿಂದ ಬಂದ ಫಲವೇನೆಂದು ಆಡಳಿತ ಮಂಡಳಿ ಕೇಳಿದಾಗ, ಎಷ್ಟು ಜನ ಲಾಗಿನ್ ಆದರು, ಎಷ್ಟು ಸಂದೇಶಗಳು ಹರಿದಾಡಿದವು ಎಂಬ ಲೆಕ್ಕವನ್ನೇ ಒಪ್ಪಿಸುವ ರೂಢಿಯಿದೆ. ನನ್ನ ಮಟ್ಟಿಗೆ ಅದು ಬಳಕೆಯ ಲೆಕ್ಕವೇ ಹೊರತು ಫಲದ ಲೆಕ್ಕವಲ್ಲ.

ಇಂಥ ಸಾಧನಗಳಿಂದ ಜ್ಞಾನಾಧಾರಿತ ಕೆಲಸಗಾರರ ಉತ್ಪಾದಕತೆ ಶೇ. 20ರಿಂದ 25ರಷ್ಟು ಹೆಚ್ಚಬಹುದೆಂದು ಸಲಹಾ ಕಂಪನಿ ಮೆಕಿನ್ಸೆಯ ಸಂಶೋಧನಾ ಅಂಗವಾದ ಮೆಕಿನ್ಸೆ ಗ್ಲೋಬಲ್ ಇನ್‌ಸ್ಟಿಟ್ಯೂಟ್ 2012ರಲ್ಲಿ ಅಂದಾಜಿಸಿತ್ತು. ಅದೇ ವರ್ಷ ಮೈಕ್ರೋಸಾಫ್ಟ್ 120 ಕೋಟಿ ಡಾಲರ್ ಕೊಟ್ಟು ಇಂಥದೇ ಸಾಧನ ರೂಪಿಸಿದ್ದ ಯಾಮರ್ ಕಂಪನಿಯನ್ನು ಕೊಂಡಿತು.

ಆದರೆ ಫಲ ಕಾಣುವುದು ನಿರ್ದಿಷ್ಟ ಕೆಲಸದಲ್ಲಿ. ಪುಣೆ ಬಳಿಯ ಚಾಕಣದ ಬಿಡಿಭಾಗ ಕಾರ್ಖಾನೆಯೊಂದರಲ್ಲಿ ರಾತ್ರಿ ಪಾಳಿಯ ಹೊತ್ತಿಗೆ ಲೇಬಲ್ ಪ್ರಿಂಟರ್ ಕೈಕೊಟ್ಟಿತೆನ್ನಿ. ಪಾಳಿಯ ಎಂಜಿನಿಯರ್ ಪರದೆಯ ಮೇಲಿನ ದೋಷಸಂಖ್ಯೆಯ ಫೋಟೊವನ್ನು ಇಂಥ ಸಾಧನದಲ್ಲಿ ಎಲ್ಲರಿಗೂ ಕಾಣುವ ಚಾನೆಲ್‌ಗೆ, ಅಂದರೆ ಒಂದು ವಿಷಯದ ಸಂದೇಶಗಳೆಲ್ಲ ಸೇರುವ ಜಾಗಕ್ಕೆ, ಹಾಕಿದರೆ, ಇದೇ ತೊಡಕನ್ನು ಹಿಂದೆ ಬಿಡಿಸಿದ್ದ ಧಾರವಾಡ ಘಟಕದವರು ಉತ್ತರಿಸಬಹುದು. ಆ ಉತ್ತರ ಮುಂದಿನವರು ಹುಡುಕಿದಾಗ ಸಿಗುವಂತೆ ಅಲ್ಲೇ ಉಳಿಯುತ್ತದೆ. ಅದೇ ಪ್ರಶ್ನೆ ಖಾಸಗಿ ವಾಟ್ಸ್ಆ್ಯಪ್ ಗುಂಪಿಗೆ ಹೋದರೆ, ಬಲ್ಲವರು ಕೆಲಸ ಬಿಟ್ಟಾಗ ಆ ಅರಿವೂ ಅವರ ಫೋನಿನೊಂದಿಗೆ ಹೊರಟುಹೋಗುತ್ತದೆ. ಯಂತ್ರ ನಿಂತ ಗಳಿಗೆಯಿಂದ ಮತ್ತೆ ಓಡುವವರೆಗಿನ ಸಮಯ ಎಷ್ಟು ತಗ್ಗಿತೆಂಬುದನ್ನೇ ಮುಖ್ಯಸ್ಥರು ಅಳೆಯಬೇಕು, ಮತ್ತು ತಾವೂ ಅದೇ ಚಾನೆಲ್‌ನಲ್ಲಿ ಉತ್ತರಿಸಬೇಕು. ಅವರು ಇಮೇಲ್‌ಗೇ ಅಂಟಿಕೊಂಡರೆ ಕೈಕೆಳಗಿನವರೂ ಅಂಟಿಕೊಳ್ಳುತ್ತಾರೆ.

ಇನ್ನೊಂದು ಎಚ್ಚರ: ಮೆಟಾ (ಆಗಿನ ಫೇಸ್‌ಬುಕ್) 2016ರಲ್ಲಿ ತೆರೆದ ವರ್ಕ್‌ಪ್ಲೇಸ್ ಎಂಬ ಇಂಥದೇ ಸಾಧನವನ್ನು ಮುಚ್ಚುವುದಾಗಿ 2024ರಲ್ಲಿ ಘೋಷಿಸಿತು. ಹಾಗಾಗಿ ನಮ್ಮ ಮಾಹಿತಿಯನ್ನು ಪೂರ್ತಿಯಾಗಿ ಹೊರತೆಗೆದುಕೊಳ್ಳುವ ಹಕ್ಕನ್ನು ಮೊದಲ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು.