ನ್ಯೂಪೋರ್ಟ್‌ನ ಬಂಗಲೆ ತೋಟಗಳು

ಅಮೆರಿಕದ ರೋಡ್ ಐಲೆಂಡ್ ರಾಜ್ಯದಲ್ಲಿರುವ ನ್ಯೂಪೋರ್ಟ್‌ಗೆ ಬರುವ ಹೆಚ್ಚಿನವರು ವಾಂಡರ್‌ಬಿಲ್ಟ್ ಮನೆತನದ ‘ದ ಬ್ರೇಕರ್ಸ್’ನಂಥ ಬಂಗಲೆಗಳ ಒಳಗಿನ ವೈಭವವನ್ನು ನೋಡಲು ಬರುತ್ತಾರೆ. ನಾನು ಈ ಕಡಲತೀರದ ಊರಿಗೆ ಬಂದದ್ದು ಆ ಬಂಗಲೆಗಳ ಸುತ್ತಲಿನ ತೋಟಗಳಿಗಾಗಿ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ನ್ಯೂಯಾರ್ಕ್‌ನ ಸಿರಿವಂತರು ಬೇಸಿಗೆಯ ಕೆಲವೇ ವಾರಗಳ ವಾಸಕ್ಕೆಂದು ಬೆಲ್‌ವ್ಯೂ ಅವೆನ್ಯೂದ ಉದ್ದಕ್ಕೂ ಅರಮನೆಗಳನ್ನೇ ಕಟ್ಟಿಸಿದರು. ಅಷ್ಟು ಕಡಿಮೆ ಕಾಲ ನೋಡುವ ಹೂವಿಗಾಗಿ ವರ್ಷವಿಡೀ ಮಣ್ಣಿನಲ್ಲಿ ದುಡಿದವರು ಬೇರೆ ಜನ.

ಕಲ್ಲಿದ್ದಲಿನ ಉದ್ಯಮಿ ಎಡ್ವರ್ಡ್ ಬರ್ವಿಂಡ್‌ಗಾಗಿ 1901ರಲ್ಲಿ ಪೂರ್ಣಗೊಂಡ ‘ದಿ ಎಲ್ಮ್ಸ್’ ಬಂಗಲೆಯ ಹಿಂಬದಿಗೆ ಬಂದಾಗ, ವಿಶಾಲವಾದ ಹುಲ್ಲುಹಾಸು, ಅದರಾಚೆಗೆ ಅಮೃತಶಿಲೆಯ ಮಂಟಪಗಳು, ಇನ್ನೂ ಆಚೆಗೆ ನೆಲಮಟ್ಟದಿಂದ ಕೆಳಗಿಳಿದ, ಕತ್ತರಿಸಿ ಸಮಗೊಳಿಸಿದ ಗಿಡಗಳ ಅಂಚುಳ್ಳ ಹೂದೋಟ ಒಂದರ ಹಿಂದೊಂದಾಗಿ ಕಾಣಿಸಿದವು. ಈ ನೋಟಕ್ಕೆ ಭಂಗ ಬಾರದಿರಲೆಂದು ಮನೆಯ ಒಲೆಗಳಿಗೆ ಬೇಕಾದ ಕಲ್ಲಿದ್ದಲನ್ನು ನೆಲದಡಿಯ ಸುರಂಗದೊಳಗೆ ಹಳಿಗಳ ಮೇಲೆ ಸಾಗಿಸಲಾಗುತ್ತಿತ್ತು. 1961ರಲ್ಲಿ ಬರ್ವಿಂಡ್‌ನ ತಂಗಿ ಜೂಲಿಯಾ ತೀರಿಕೊಂಡ ಮೇಲೆ ಮನೆಯ ಸಾಮಾನುಗಳು ಹರಾಜಾದವು. ಇನ್ನೇನು ಕಟ್ಟಡವನ್ನು ಕೆಡವಬೇಕು ಎನ್ನುವಾಗ, 1962ರಲ್ಲಿ, ನ್ಯೂಪೋರ್ಟ್ ಕೌಂಟಿಯ ಪರಂಪರೆ ಸಂರಕ್ಷಣಾ ಸಂಘ ಅದನ್ನು ಕೊಂಡು ಉಳಿಸಿತು. ಬಂಗಲೆಗೆ ಹೆಸರು ಕೊಟ್ಟ ಎಲ್ಮ್ ಮರಗಳು ಮಾತ್ರ ರೋಗಕ್ಕೆ ಬಲಿಯಾದವು. ಈಗ ಈ ಊರಿನ ಹಳೆಯ ಬೀಚ್ ಮರಗಳಿಗೂ ವಯಸ್ಸಾಗಿದೆ. ಅವುಗಳ ಎಲೆಗೆ ತಗಲುವ ಹೊಸ ರೋಗವೊಂದು 2020ರಲ್ಲಿ ಈ ರಾಜ್ಯಕ್ಕೆ ಕಾಲಿಟ್ಟಿರುವುದು ನಿಜಕ್ಕೂ ಆತಂಕದ ಸಂಗತಿ.

ಆದರೆ ನನ್ನ ಮನಸ್ಸು ನಿಂತದ್ದು ಊರಿನಿಂದ ಉತ್ತರಕ್ಕೆ, ಪೋರ್ಟ್ಸ್‌ಮತ್‌ನ ನ್ಯಾರಗ್ಯಾನ್ಸೆಟ್ ಕೊಲ್ಲಿಯ ದಂಡೆಯಲ್ಲಿರುವ ‘ಗ್ರೀನ್ ಆ್ಯನಿಮಲ್ಸ್’ ತೋಟದಲ್ಲಿ. 1872ರಲ್ಲಿ ಥಾಮಸ್ ಬ್ರೇಟನ್ ಕೊಂಡ ಈ ಸಣ್ಣ ಎಸ್ಟೇಟಿನಲ್ಲಿ ಆನೆ, ಒಂಟೆ, ಜಿರಾಫೆಗಳೆಲ್ಲ ಹಸಿರು ಗಿಡಗಳೇ. ಪೋರ್ಚುಗಲ್‌ಗೆ ಸೇರಿದ ಅಜೋರ್ಸ್ ದ್ವೀಪಗಳಿಂದ ವಲಸೆ ಬಂದ ಜೋಸೆಫ್ ಕರೇರೊ 1905ರಿಂದ 1945ರವರೆಗೆ ಇಲ್ಲಿನ ಮೇಲ್ವಿಚಾರಕನಾಗಿದ್ದು, ಪ್ರಿವೆಟ್ ಮತ್ತು ಯೂ ಗಿಡಗಳನ್ನು ವರ್ಷಗಟ್ಟಲೆ ಬಾಗಿಸಿ, ಕತ್ತರಿಸಿ ಈ ಆಕಾರಗಳಿಗೆ ತಂದ. ಅವನ ಅಳಿಯ ಜಾರ್ಜ್ ಮೆಂಡೋನ್ಸಾ 1985ರವರೆಗೆ ಅದೇ ಕೆಲಸವನ್ನು ಮುಂದುವರಿಸಿದ. ಪ್ರಿವೆಟ್ ಬಲು ಬೇಗ ಚಿಗುರುವ ಗಿಡವಾದ್ದರಿಂದ, ಬೇಸಿಗೆಯಲ್ಲಿ ಕೆಲವು ವಾರ ಕತ್ತರಿ ಹಾಕದೆ ಬಿಟ್ಟರೆ ಆನೆಯ ಸೊಂಡಿಲು ಪೊದೆಯಾಗಿಬಿಡುತ್ತದೆ.

ಬ್ರೇಟನ್‌ನ ಮಗಳು ಆಲಿಸ್ 1972ರಲ್ಲಿ ಈ ತೋಟವನ್ನು ಅದೇ ಸಂಘಕ್ಕೆ ಬಿಟ್ಟುಹೋದಳು. ಬಂಗಲೆಗಳ ಇತಿಹಾಸದಲ್ಲಿ ಮಾಲೀಕರ ಹೆಸರು ಉಳಿಯುವುದು ಸಹಜ. ಇಲ್ಲಿ ಮಾಲಿಗಳ ಹೆಸರೂ ಅವರ ಕೆಲಸದ ಜೊತೆಗೇ ಉಳಿದಿದೆ. ನ್ಯೂಪೋರ್ಟ್‌ನ ಭಾರಿ ತೋಟಗಳಿಗಿಂತ ಈ ಪುಟ್ಟ ತೋಟವನ್ನು ನಾನು ಹೆಚ್ಚು ಗೌರವಿಸುವುದು ಅದಕ್ಕಾಗಿಯೇ.